ಹದಿನಾರರ ವರೆಗೆ

"ಹದಿನಾಲ್ಕರ ವರೆಗೆ ಅಂತ ಬರೆದಿದ್ದೀರಲ್ಲ ಚೆನ್ನಪ್ಪಣ್ಣ, ಹದಿನಾಲ್ಕು ಅದರಲ್ಲಿ ಸೇರ್ತದಾ, ಇಲ್ವಾ?"

ಚೆನ್ನಪ್ಪ ಕನ್ನಡಕ ತೆಗೆದು ಸುಪ್ರಿತಾಳ ಮುಖ ನೋಡಿದರು. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಇದ್ದವರು ಅವರು. ನಿವೃತ್ತರಾದ ಮೇಲೆ ಪುತ್ತೂರಿನ ಊರುಗೋಲು ಸೇವಾ ಬಳಗದ ದಾಖಲೆ ಪುಸ್ತಕ ಅವರ ಕೈಗೆ ಬಂದಿತ್ತು. ಕಾಯಿಲೆ ಬಿದ್ದವರ ಮನೆಗೆ ಆಸ್ಪತ್ರೆ ಮಂಚ, ವೀಲ್ ಚೆಯರ್, ಆಕ್ಸಿಜನ್ ಮಷಿನ್‌ಗಳನ್ನು ಉಚಿತವಾಗಿ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತರುವುದು ಬಳಗದ ಕೆಲಸ. ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಅವರಲ್ಲಿ ಕೇಳಿರಲಿಲ್ಲ.

"ಸೇರದೆ ಮತ್ತೆ? ಹದಿನಾಲ್ಕರ ವರೆಗೆ ಅಂದ್ರೆ ಹದಿನಾಲ್ಕು ಕೂಡ ಅವರದ್ದೇ. ಹದಿನೈದಕ್ಕೆ ನಾವು ತರುದು."

ಸುಪ್ರಿತಾ ಬರೆದುಕೊಂಡಳು. ಬಸ್‌ಸ್ಟ್ಯಾಂಡಿನ ಹತ್ತಿರದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಂಗಡಿಗಳಿಗೆ, ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಅವಳದ್ದು. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಇರುವ ಬಳಗದ ಸಾಮಾನು ಎಲ್ಲಿದೆ, ಯಾರ ಮನೆಯಲ್ಲಿದೆ, ಎಂದು ಸಿಗುತ್ತದೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಕಾಣಬೇಕು ಎಂದು ಬಳಗದವರು ಕೇಳಿದ್ದರು. ಎರಡು ವಾರದ ಕೆಲಸ ಎಂದು ಅವಳು ಒಪ್ಪಿಕೊಂಡಿದ್ದಳು.

ಮೊದಲು ಅವಳು ಎಲ್ಲ ಕಡೆ ಎರಡೆರಡು ದಿನಾಂಕಗಳನ್ನು ಇಟ್ಟಿದ್ದಳು. ಸಾಮಾನು ಕೊಟ್ಟದ್ದಕ್ಕೆ ಎರಡು, ರಿಪೇರಿಗೆ ಹೋದದ್ದಕ್ಕೆ ಎರಡು, ಮುಂದಕ್ಕೆ ಬೇಕೆಂದು ಕಾದಿರಿಸಿದವರಿಗೆ ಎರಡು. ಒಂದು ಕಡೆ ಮಾಡಿದ ಹೋಲಿಕೆ ಇನ್ನೊಂದು ಕಡೆ ತಪ್ಪುತ್ತಿತ್ತು. ಆಮೇಲೆ ಅದನ್ನೆಲ್ಲ ಅಳಿಸಿ ಹೊಸದೊಂದು ಜಾತಿಯ ಮಾಹಿತಿಯನ್ನೇ ಹುಟ್ಟಿಸಿದಳು. ಅದಕ್ಕೆ 'ಅವಧಿ' ಎಂದು ಹೆಸರಿಟ್ಟಳು. ಅವಧಿಗೆ ಒಂದು ಆರಂಭ, ಒಂದು ಕೊನೆ. ಎರಡೂ ಅದರ ಒಳಗೇ ಇರುತ್ತವೆ, ಹೊರಗಿನವರು ಬೇರೆ ಬೇರೆಯಾಗಿ ಮುಟ್ಟುವಂತಿಲ್ಲ. ಪ್ರಶ್ನೆ ಕೇಳಿದರೆ ಅದೇ ಉತ್ತರ ಕೊಡುತ್ತದೆ: ಈ ದಿನ ನಿನ್ನೊಳಗೆ ಬರುತ್ತದೆಯೇ? ಆ ಇನ್ನೊಂದು ಅವಧಿಯ ಮೇಲೆ ನೀನು ಬೀಳುತ್ತೀಯಾ? ಒಂದು ಮಂಚಕ್ಕೆ ಎರಡು ಮನೆಯ ಅವಧಿಗಳು ಒಂದರ ಮೇಲೊಂದು ಬಿದ್ದರೆ ಅದು ಒಪ್ಪುವುದಿಲ್ಲ. ಅಷ್ಟು ಚೆಂದದ ಕೆಲಸವನ್ನು ತಾನು ಹಿಂದೆ ಮಾಡಿಲ್ಲ ಎಂದು ಅವಳಿಗೆ ಅನಿಸಿತ್ತು.

ಒಂದು ನಿಯಮವನ್ನೂ ಮಾಡಿದಳು. ಆರಂಭದ ದಿನ ಒಳಗೆ, ಕೊನೆಯ ದಿನ ಹೊರಗೆ. ಹಾಗಿದ್ದರೆ ಒಬ್ಬರ ಅವಧಿ ಮುಗಿದ ದಿನವೇ ಇನ್ನೊಬ್ಬರದ್ದು ಶುರುವಾಗಬಹುದು. ಎರಡೂ ತಾಗುತ್ತವೆ, ಆದರೆ ಮೇಲೆ ಬೀಳುವುದಿಲ್ಲ. ಚೆನ್ನಪ್ಪರ ಹದಿನಾಲ್ಕು ಅವರದ್ದೇ ಆಗಬೇಕಾದರೆ ಕಂಪ್ಯೂಟರಿನೊಳಗೆ ಕೊನೆ ಹದಿನೈದು ಎಂದು ಇರಬೇಕು. ಅದು ಸುಲಭ. ಒಂದು ಕೂಡಿಸಿದರಾಯಿತು.

ಕಡಬಕ್ಕೆ ಫೋನ್ ಮಾಡಿದಳು. ಅಲ್ಲಿ ಬಳಗದ ಸಾಮಾನು ಇರುವುದು ರಿಝ್ವಾನಾ ಎಂಬವರ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹೊಲಿಗೆ ಮಷಿನ್ ತುಳಿಯುತ್ತಲೇ ಅವರು ಮಾತಾಡಿದರು.

"ಹದಿನಾಲ್ಕರ ವರೆಗೆ ಅಂದ್ರೆ ಹದಿನಾಲ್ಕಕ್ಕೆ ಬರ್ಬೇಕು."

"ಹದಿನಾಲ್ಕು ಬರ್ಬೇಕಾ? ಸೇರಿಸಿ?"

"ಹ್ಞಾಂ, ಹದಿನಾಲ್ಕಕ್ಕೇ."

ಹದಿನಾಲ್ಕು ಸೇರಿಸಿ, ಎಂದು ಸುಪ್ರಿತಾ ಬರೆದಳು. ಕಡಬದಲ್ಲೂ ಪುತ್ತೂರಿನ ಹಾಗೆಯೇ.

ಸುಳ್ಯದ ಪುಸ್ತಕ ಮಾತ್ರ ಬೇರೆ ತರದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಭವಿತ್ ಮೆಡಿಕಲ್ ಅಂಗಡಿ ಇಟ್ಟವನು. ಕೊಟ್ಟ ದಿನ ಬರೆಯುತ್ತಿದ್ದ, ಅದರ ಎದುರು 'ಗುಣ ಆಗುವ ವರೆಗೆ' ಎಂದು ಒಂದೇ ಮಾತನ್ನು ಸಾಲುಸಾಲಿಗೂ ಬರೆದುಬಿಡುತ್ತಿದ್ದ. ಸುಪ್ರಿತಾಳ ಅವಧಿ ಕೊನೆಯಿಲ್ಲದೆ ಹುಟ್ಟಲು ಒಪ್ಪುತ್ತಿರಲಿಲ್ಲ. ಹಾಗೆ ಒಪ್ಪದಂತೆ ಮಾಡಿದ್ದು ಅವಳೇ.

"ಎಂತ ಹಾಕುದು ಹಾಗಾದ್ರೆ?" ಭವಿತ್ ಕೇಳಿದ.

"ಸದ್ಯಕ್ಕೆ ಒಂದು ತಿಂಗಳು ಅಂತ ನಾನೇ ಹಾಕ್ತೇನೆ. ಮತ್ತೆ ನೀವು ಬದಲಾಯಿಸ್ಬಹುದು."

"ಆಯ್ತು" ಎಂದ ಭವಿತ್. ಆಮೇಲೆ ಅವನು ಅದನ್ನು ತೆರೆದು ನೋಡಿದ್ದೇ ಇಲ್ಲ.

ಸೆಪ್ಟೆಂಬರ್ ಹದಿನಾರರಂದು ಮೂರು ಊರಿನಲ್ಲೂ ಹೊಸ ಪರದೆ ತೆರೆದುಕೊಂಡಿತು. ಸುಳ್ಯದ ಬಿಟ್ಟ ಜಾಗಗಳಿಗೆಲ್ಲ ಅಕ್ಟೋಬರ್ ಹದಿನಾರು ಎಂದು ಸುಪ್ರಿತಾ ಒಂದೇ ಸಲಕ್ಕೆ, ಏನನ್ನೂ ಕೂಡಿಸದೆ, ತುಂಬಿದ್ದಳು.

*

ಅಕ್ಟೋಬರ್ ಹದಿನಾರರ ಬೆಳಿಗ್ಗೆ ಅವಳು ಬಳಗದ ಕಚೇರಿಯಲ್ಲಿ ಪ್ರಿಂಟರ್ ಸರಿ ಮಾಡುತ್ತಿದ್ದಳು. ಕುಂಬ್ರದ ಆಟೋ ಚಾಲಕ ಹಕೀಮ್ ಬಂದು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಅವನ ತಾಯಿಗೆ ನ್ಯುಮೋನಿಯಾ ಆಗಿ ಹದಿಮೂರು ದಿನ ಆಸ್ಪತ್ರೆಯಲ್ಲಿದ್ದು, ಆ ದಿನ ಸಂಜೆ ನಾಲ್ಕಕ್ಕೆ ಮನೆಗೆ ಕಳುಹಿಸುವವರಿದ್ದರು. ಕೆಲವು ವಾರ ಮನೆಯಲ್ಲೂ ಆಕ್ಸಿಜನ್ ಬೇಕು ಎಂದು ಡಾಕ್ಟರ್ ಬರೆದುಕೊಟ್ಟಿದ್ದರು.

ಚೆನ್ನಪ್ಪ ಪರದೆ ನೋಡಿದರು. ಆಕ್ಸಿಜನ್ ಮಷಿನ್ ಇದ್ದದ್ದು ಒಟ್ಟು ನಾಲ್ಕು. ಪುತ್ತೂರಿನ ಎರಡೂ ಹೊರಗೆ. ಕಡಬದ್ದು 'ಬಳಕೆಯಲ್ಲಿದೆ' ಎಂದು ಕೆಂಪು. ಸುಳ್ಯದ್ದು ಹಸಿರು: ಇಂದಿನಿಂದ ಲಭ್ಯ. ಮಂಡೆಕೋಲಿನ ಅಚ್ಚುತ ಎಂಬವರ ಮನೆಯಲ್ಲಿದೆ.

"ಸಿಕ್ಕಿತು ಮಾರಾಯ" ಎಂದು ಚೆನ್ನಪ್ಪ ಆ ಮನೆಯ ನಂಬರಿಗೆ ಫೋನ್ ಹಚ್ಚಿದರು. ಹೆಂಗಸೊಬ್ಬರು ಎತ್ತಿದರು. ಚೆನ್ನಪ್ಪ ಗಟ್ಟಿ ದನಿಯಲ್ಲಿ, ಅಂಚೆ ಕಚೇರಿಯ ಅಭ್ಯಾಸದಂತೆ, ವಿಷಯಕ್ಕೇ ಬಂದರು.

"ಅಚ್ಚುತ ಅವರ ಮನೆಯಲ್ವಾ? ಊರುಗೋಲಿನಿಂದ ಮಾತಾಡುದು. ಅವರದ್ದು ಇವತ್ತಿಗೆ ಮುಗಿಯಿತು. ಮಧ್ಯಾಹ್ನದ ಒಳಗೆ ಬಂದು ತೆಗೊಂಡು ಹೋಗ್ತೇವೆ."

ಆಚೆಯಿಂದ ಬಂದ ಮಾತು ಹಕೀಮನಿಗೂ ಕೇಳಿಸಿತು.

"ಯಾರು ನೀವು? ಯಾರನ್ನು ತೆಗೊಂಡು ಹೋಗುದು?"

"ಯಾರನ್ನು ಅಲ್ಲಮ್ಮ…" ಚೆನ್ನಪ್ಪ ಗೊಂದಲದಿಂದ ಫೋನನ್ನು ಸುಪ್ರಿತಾಳ ಕಡೆ ಚಾಚಿದರು. "ಎಂತದೋ ಕೇಳ್ತಿದ್ದಾರೆ. ನೀನು ಮಾತಾಡು."

"ಹಲೋ, ನಾನು ಸುಪ್ರಿತಾ ಅಂತ…"

"ನೀವು ಡಾಕ್ಟ್ರಾ?"

"ಅಲ್ಲಮ್ಮ. ನಾನು ಕಂಪ್ಯೂಟರಿನವಳು."

"ಕಂಪ್ಯೂಟರ್‌ನಲ್ಲಿ ಬಂತಾ ಹಾಗಾದ್ರೆ ಅದು?" ಎಂದರು ಆ ಹೆಂಗಸು. "ಮೂರು ದಿನ ಆಯ್ತು. ಅವರು ಸರಿ ಊಟ ಮಾಡ್ಲಿಲ್ಲ. ಅವರ ಅವಧಿ ಮುಗೀತದೆ ಅಂತ ನಿಮಗೆ ಯಾರು ಹೇಳಿದ್ದು? ಆಸ್ಪತ್ರೆಯಲ್ಲಿ ನಮಗೆ ಹಾಗೆ ಯಾರೂ ಹೇಳ್ಲಿಲ್ಲ. ಹೇಳುದಾದ್ರೆ ನನಗೆ ಹೇಳ್ಬೇಕಿತ್ತು. ಅವರ ಫೋನಿಗೆ ಯಾಕೆ ಕಳಿಸಿದ್ದು?"

ಸುಪ್ರಿತಾಳಿಗೆ ಮೊದಲು ಅರ್ಥವಾಗಲಿಲ್ಲ. ಯಾವುದೋ ತಪ್ಪು ನಂಬರ್ ಇರಬೇಕು ಎಂದುಕೊಂಡಳು. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕಳುಹಿಸಿದ ಸಂದೇಶಗಳ ಪಟ್ಟಿ ತೆರೆದಳು. ಕೊನೆಯ ದಿನಕ್ಕೆ ಮೂರು ದಿನ ಮೊದಲು ಎಲ್ಲರಿಗೂ ತಾನಾಗಿ ಹೋಗುವ ಸಂದೇಶ ಅದು. ಅವಳೇ ಬರೆದದ್ದು. ಆಗ ಓದಿದಾಗ ಸರಿಯಾಗಿಯೇ ಕಂಡಿತ್ತು.

'ಮಾನ್ಯರೇ, ಅಚ್ಚುತ ಅವರ ಅವಧಿ 16-10ರಂದು ಮುಗಿಯುತ್ತದೆ. ವಂದನೆಗಳು. ಊರುಗೋಲು.'

ಮಷಿನ್ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

"ಅಮ್ಮಾ" ಎಂದಳು, "ಅದು ಅವರದ್ದಲ್ಲ. ಮಷಿನಿಂದು. ನಾವು ಈಗಲೇ ಅಲ್ಲಿಗೆ ಬರ್ತೇವೆ."

"ಬರುದು ಬೇಡ!" ಎಂದರು ಆ ಹೆಂಗಸು. ಫೋನ್ ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಚೆನ್ನಪ್ಪ ಸಂದೇಶವನ್ನು ಎರಡು ಸಲ ಓದಿದರು. "ಇದರಲ್ಲಿ ಎಂತ ತಪ್ಪುಂಟು? ಅವಧಿ ಮುಗಿಯಿತು ಅಂತ ಉಂಟು, ಸರಿಯೇ ಅಲ್ವಾ?" ಎಂದವರು ಮೂರನೆಯ ಸಲ ಓದುವಾಗ ನಿಧಾನಿಸಿದರು. "ಅಯ್ಯೋ ದೇವರೇ" ಎಂದು ಕುಳಿತುಬಿಟ್ಟರು.

ಹಕೀಮ್ ಎದ್ದು ನಿಂತಿದ್ದ. "ಆಟೋ ಕೆಳಗೆ ಉಂಟು. ಹೋಗುವ. ಬನ್ನಿ."

*

ಕುಂಬ್ರ, ಕಾವು ದಾಟಿ ಜಾಲ್ಸೂರಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗುವವರೆಗೂ ಸುಪ್ರಿತಾಳ ತಲೆಯಲ್ಲಿ ಒಂದು ಪ್ರಶ್ನೆಯ ಮೇಲೊಂದು ಬೀಳುತ್ತಿತ್ತು. ಹೋಗಿ ಏನು ಹೇಳುವುದು? ನಿಮ್ಮದು ಮುಗಿಯಲಿಲ್ಲ, ಮಷಿನಿಂದು ಮಾತ್ರ ಮುಗಿಯಿತು ಎಂದೇ? ಮಷಿನ್ ತೆಗೆದರೆ ಅವರದ್ದೂ ಮುಗಿಯುವ ಹಾಗಿದ್ದರೆ? ಮುಗಿಯಿತು ಎಂದು ಹೇಳಿದ್ದಾದರೂ ಯಾರು? ಭವಿತ್ ಹೇಳಿಲ್ಲ, ಡಾಕ್ಟರ್ ಹೇಳಿಲ್ಲ, ಆ ಮನೆಯವರು ಹೇಳಿಲ್ಲ. ಅಕ್ಟೋಬರ್ ಹದಿನಾರು ಎಂಬ ದಿನ ಅವಳೊಬ್ಬಳ ಕೈಯಿಂದ ಬಂದದ್ದು. ಅದಕ್ಕೂ ಆ ಮನುಷ್ಯನ ಎದೆಗೂ ಏನೂ ಸಂಬಂಧ ಇರಲಿಲ್ಲ.

"ಚೆನ್ನಪ್ಪಣ್ಣ, ನಾವು ಈಗ ಮಷಿನ್ ತರ್ಲಿಕ್ಕೆ ಹೋಗುದಾ, ಹೇಳ್ಲಿಕ್ಕೆ ಹೋಗುದಾ?" ಅವಳು ಕೇಳಿದಳು.

"ನನಗೂ ಗೊತ್ತಾಗುದಿಲ್ಲ" ಎಂದರು ಚೆನ್ನಪ್ಪ.

ಹಕೀಮ್ ಹಿಂದೆ ತಿರುಗಲಿಲ್ಲ. ಗೇರ್ ಬದಲಿಸಿದ.

ಮನೆ ರಸ್ತೆಯ ಬದಿಯಲ್ಲೇ ಇತ್ತು. ಅಂಗಳದಲ್ಲಿ ಹಳೆಯದೊಂದು ಜೀಪು. ಅಚ್ಚುತ ಇಪ್ಪತ್ತೇಳು ವರ್ಷ ಸುಳ್ಯಕ್ಕೂ ಮಂಡೆಕೋಲಿಗೂ ಜನ ಹತ್ತಿಸಿಕೊಂಡು ಸರ್ವೀಸ್ ಓಡಿಸಿದ ಜೀಪು. ಅದನ್ನು ಯಾರೋ ಆಗಷ್ಟೇ ತೊಳೆದಿದ್ದರು, ನೀರು ಇಳಿಯುತ್ತಿತ್ತು. ಜಗಲಿಯಲ್ಲಿ ಪೂವಮ್ಮ ನಿಂತಿದ್ದರು. ಅವರು ಅಚ್ಚುತರ ಹೆಂಡತಿ, ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವವರು. ಬಂದವರನ್ನು ಕಂಡು ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

ಅಚ್ಚುತ ಒಳಗಿನ ಬೆಂಚಿನಲ್ಲಿ ನೆಟ್ಟಗೆ ಕುಳಿತಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಮೂಗಿಗೆ ಸಣ್ಣ ನಳಿಗೆ. ಪಕ್ಕದಲ್ಲಿ ಮಷಿನ್ ಗುರುಗುಟ್ಟುತ್ತಿತ್ತು. ಅವರೆದುರು ಸ್ಟೂಲಿನ ಮೇಲೆ ಜೀಪಿನ ಕೀ, ಒಂದು ಪಾಸ್‌ಬುಕ್ಕು, ಕನ್ನಡಕದ ಪೆಟ್ಟಿಗೆ ಸಾಲಾಗಿ ಇದ್ದವು.

"ಊರುಗೋಲಿನವರಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಕೇಳುದುಂಟು. ಹದಿನಾರರಂದು ಅಂತ ಬರೆದಿದ್ದೀರಿ. ಹದಿನಾರು ಸೇರ್ತದಾ, ಇಲ್ವಾ?"

ಸುಪ್ರಿತಾ ಚೆನ್ನಪ್ಪರ ಕಡೆ ತಿರುಗಿದಳು.

"ಯಾಕಂದ್ರೆ" ಎಂದು ಅಚ್ಚುತ ಉಸಿರು ತೆಗೆದುಕೊಂಡು ಮುಂದುವರಿಸಿದರು, "ಮಗಳು ಮಂಗಳೂರಿಂದ ಬರುದು ಸಂಜೆ ಐದೂವರೆ ಬಸ್ಸಿಗೆ. ಹದಿನಾರು ಇಡೀ ನನಗೆ ಉಂಟು ಅಂತಾದ್ರೆ ತೊಂದರೆ ಇಲ್ಲ."

ಸುಪ್ರಿತಾ ಬೆಂಚಿನ ಹತ್ತಿರ ಹೋಗಿ ನೆಲದಲ್ಲೇ ಕುಳಿತಳು.

"ಅಣ್ಣಾ, ಅದು ನಿಮ್ಮ ಅವಧಿ ಅಲ್ಲ. ಈ ಮಷಿನನ್ನು ನಿಮಗೆ ಕೊಟ್ಟಿದ್ದಾರಲ್ಲ, ಆ ಕೊಟ್ಟದ್ದರ ಅವಧಿ. ಲೈಬ್ರರಿಯಿಂದ ಪುಸ್ತಕ ತಂದ ಹಾಗೆ. ವಾಪಸು ಕೊಡುವ ದಿನ. ಅದು ಕೂಡ ನಾನು ಸುಮ್ಮನೆ ಹಾಕಿದ್ದು. ಏನಾದ್ರೂ ಒಂದು ದಿನ ಹಾಕ್ಬೇಕಿತ್ತು, ಅದಕ್ಕೆ ಹಾಕಿದ್ದು. ನಿಮ್ಮ ಕಾಯಿಲೆಯ ವಿಷಯ ನನಗೆ ಎಂತದೂ ಗೊತ್ತಿಲ್ಲ."

ಅಚ್ಚುತ ಮಷಿನಿನ ಕಡೆ ತಿರುಗಿ ನೋಡಿದರು. "ಮಷಿನ್ ಕೊಟ್ಟದ್ದು ಭವಿತ್ ಅಲ್ವಾ? ಮೆಡಿಕಲಿನ ಭವಿತ್?"

"ಅವನು ತಂದುಕೊಟ್ಟದ್ದು. ಮಷಿನ್ ಬಳಗದ್ದು."

"ಊರುಗೋಲು ಅಂದ್ರೆ ಆಸ್ಪತ್ರೆಯ ಹೆಸರು ಅಂತ ಎಣಿಸಿದ್ದೆ ನಾನು." ಅವರು ಹೆಂಡತಿಯ ಕಡೆ ತಿರುಗಿದರು. "ಪೂವೀ, ಮಷಿನಿಂದಂತೆ."

ಪೂವಮ್ಮ ಒಮ್ಮೆ ಮುಖಕ್ಕೆ ಸೆರಗು ಒತ್ತಿಕೊಂಡರು. ಸೆರಗು ತೆಗೆದಾಗ ಅವರ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಮೂರು ದಿನದಲ್ಲಿ ಇವರು ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ರು. ಜೀಪು ಯಾರಿಗೆ ಅಂತ ಹೇಳಿದ್ರು. ನಾನು ಸೊಸೈಟಿಗೆ ಹೋಗ್ಲಿಲ್ಲ. ಇದೆಲ್ಲ ಏನಾದ್ರೂ ಒಂದು ದಿನ ಹಾಕ್ಬೇಕು ಅಂತ ಹಾಕಿದ್ದಕ್ಕಾ?"

"ಹೌದಮ್ಮ" ಎಂದಳು ಸುಪ್ರಿತಾ.

"ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೀಲಿಕ್ಕೆ ನಿಮ್ಮ ಕಂಪ್ಯೂಟರಿಗೆ ಆಗುದಿಲ್ವಾ?"

ಆಗುತ್ತದೆ ಎಂದರೆ, ಹಾಗಾದರೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾರೆ. ಆಗುವುದಿಲ್ಲ ಎಂದರೆ ಸುಳ್ಳು.

"ಹಾಗಾದ್ರೆ" ಅಚ್ಚುತ ನಿಧಾನವಾಗಿ ಕೇಳಿದರು, "ಈಗ ನಂದು ಎಷ್ಟರ ವರೆಗೆ?"

ಅವರು ತಮಾಷೆ ಮಾಡುತ್ತಿದ್ದಾರೋ ನಿಜಕ್ಕೂ ಕೇಳುತ್ತಿದ್ದಾರೋ ಎಂದು ಸುಪ್ರಿತಾಳಿಗೆ ತಿಳಿಯಲಿಲ್ಲ. ಪೂವಮ್ಮ ಮಾತ್ರ ಅವರ ಅಂಗಿಯ ಕಾಲರ್ ಸರಿ ಮಾಡಿ, "ಮೊದಲು ಊಟ ಮಾಡಿ" ಎಂದರು.

ಹೊರಗೆ ಅಂಗಳದಲ್ಲಿ ಹಕೀಮ್ ಜೀಪಿನ ಪಕ್ಕ ನಿಂತಿದ್ದ. ಅವನು ಬಾಗಿಲ ವರೆಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡು ಹಿಂದೆ ಹೋಗಿದ್ದ. ಸುಪ್ರಿತಾ ಹತ್ತಿರ ಬಂದಾಗ ಹೇಳಿದ, "ಅಕ್ಕ, ನನಗೆ ಈ ಮಷಿನ್ ಬೇಡ."

"ಮತ್ತೆ ನಿಮ್ಮ ತಾಯಿಗೆ?"

"ಗೊತ್ತಿಲ್ಲ. ಒಂದು ದಿನ ಹೆಚ್ಚು ಇಟ್ಟುಕೊಳ್ಳಿ ಅಂತ ಆಸ್ಪತ್ರೆಯಲ್ಲಿ ಕೇಳಿ ನೋಡ್ತೇನೆ. ಇದು ಮಾತ್ರ ಬೇಡ."

ಗಂಟೆ ಹನ್ನೊಂದೂವರೆ ಆಗಿತ್ತು. ಸುಪ್ರಿತಾ ಜಗಲಿಯ ಮೆಟ್ಟಿಲಲ್ಲಿ ಕುಳಿತು ಫೋನಿನಲ್ಲೇ ಪರದೆ ತೆರೆದಳು. ಕಡಬದ ಮಷಿನ್ ಇನ್ನೂ ಕೆಂಪು. ನಾಳೆಯಿಂದ ಲಭ್ಯ ಎಂದಿತ್ತು. ಯಾರ ಮನೆಯಲ್ಲಿದೆಯೋ, ಅವರಲ್ಲಿ ಕೇಳಿ ಇವತ್ತೇ ತರಿಸಲು ಆಗುತ್ತದೋ ಎಂದು ರಿಝ್ವಾನಾರಿಗೆ ಫೋನ್ ಮಾಡಿದಳು.

"ಯಾವ ಮಷಿನ್?" ಎಂದರು ರಿಝ್ವಾನಾ.

"ನಿಮ್ಮಲ್ಲಿಯ ಆಕ್ಸಿಜನ್ ಮಷಿನ್. ಹದಿನಾರರ ವರೆಗೆ ಅಂತ ನೀವೇ ಹಾಕಿದ್ದೀರಿ. ಇವತ್ತು ಅವರ ಹತ್ತಿರ ಉಂಟಲ್ಲ…"

"ಅವರ ಹತ್ತಿರ ಎಲ್ಲಿ? ಇಲ್ಲೇ ಉಂಟಲ್ಲ ಮಾರಾಯ್ತಿ, ನನ್ನ ಕಾಲ ಹತ್ತಿರ. ಬೆಳಿಗ್ಗೆ ಎಂಟು ಗಂಟೆಗೆ ತಂದುಕೊಟ್ರು. ಹದಿನಾರರ ವರೆಗೆ ಅಂದ್ರೆ ಹದಿನಾರಕ್ಕೆ ಬರ್ಬೇಕು ಅಂತ ಅವತ್ತೇ ಹೇಳಿದ್ದೇನಲ್ಲ ನಾನು!"

ಸುಪ್ರಿತಾ ಹಣೆಗೆ ಕೈ ಇಟ್ಟುಕೊಂಡಳು. ಅವರು ಹೇಳಿದ್ದು ನಿಜ. ಬರಬೇಕು ಎಂದದ್ದು ಮಷಿನನ್ನು. ತಾನು ಬರೆದುಕೊಂಡದ್ದು ದಿನವನ್ನು. ಚೆನ್ನಪ್ಪರ ಲೆಕ್ಕದಲ್ಲಿ ಒಂದು ಕೂಡಿಸಿದ ಹಾಗೆ ಕಡಬಕ್ಕೂ ಕೂಡಿಸಿದ್ದಳು. ಅದಕ್ಕೆ ಅಲ್ಲಿ ಕಾಲ ಬುಡದಲ್ಲಿ ಇದ್ದ ಮಷಿನ್ ಪರದೆಯಲ್ಲಿ ಇಲ್ಲ, ಇಲ್ಲಿ ಮನುಷ್ಯನ ಮೂಗಿಗೆ ತಾಗಿ ಓಡುತ್ತಿದ್ದ ಮಷಿನ್ ಪರದೆಯಲ್ಲಿ ಖಾಲಿ.

"ರಿಝ್ವಾನಕ್ಕ, ಅದು ಪುತ್ತೂರಿಗೆ ನಾಲ್ಕು ಗಂಟೆಯ ಒಳಗೆ ಬರ್ಬಹುದಾ?"

"ಬರದೆ? ಒಂದು ಬ್ಲೌಸ್ ಮುಗಿಸಿ ಹೊರಡ್ತೇನೆ. ಒಂದು ಗಂಟೆಗೆ ಕಾಣಿಯೂರು ದಾರಿಯಾಗಿ ಬಸ್ಸುಂಟು."

ಹೊರಡುವಾಗ ಅಚ್ಚುತ ಬಾಗಿಲ ವರೆಗೆ ಬರಲು ಎದ್ದರು, ನಳಿಗೆ ಅಷ್ಟು ಉದ್ದ ಬರಲಿಲ್ಲ. ಅಲ್ಲಿಂದಲೇ ಹಕೀಮನನ್ನು ಕರೆದು, ಆಟೋ ಯಾವ ವರ್ಷದ್ದು, ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿದರು. ಪೂವಮ್ಮ ಮೂವರಿಗೂ ಮಜ್ಜಿಗೆ ಕೊಟ್ಟರು. ಕೊಟ್ಟರೇ ಹೊರತು ಸುಪ್ರಿತಾಳ ಮುಖ ನೋಡಲಿಲ್ಲ.

*

ಮೂರೂಕಾಲಿಗೆ ರಿಝ್ವಾನಾ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಕಂಡಕ್ಟರ್ ಮಷಿನನ್ನು ಕೆಳಗಿಳಿಸಿಕೊಟ್ಟ. ಒಂದೂವರೆ ತಿಂಗಳು ಫೋನಿನಲ್ಲಿ ಮಾತಾಡಿದ ಮೇಲೆ ಸುಪ್ರಿತಾ ಅವರನ್ನು ಮುಖತಃ ಕಂಡದ್ದು ಆಗಲೇ. ಹಕೀಮ್ ಮಷಿನನ್ನು ಮಗುವಿನಂತೆ ಎತ್ತಿ ಆಟೋದ ಹಿಂದಿನ ಸೀಟಿನಲ್ಲಿಟ್ಟು, ಹಗ್ಗ ಬಿಗಿದು ಆಸ್ಪತ್ರೆಯ ಕಡೆ ಹೋದ.

ರಿಝ್ವಾನಾ ಬಳಗದ ಕಚೇರಿಗೆ ಬಂದು ಚೆನ್ನಪ್ಪರ ಎದುರು ಕುಳಿತರು. ವಾದ ಶುರುವಾಯಿತು.

"ವರೆಗೆ ಅಂದ್ರೆ ಆ ದಿನ ಸೇರ್ತದೆ" ಎಂದರು ಚೆನ್ನಪ್ಪ.

"ಹೇಗೆ ಸೇರ್ತದೆ? ಸುಬ್ರಹ್ಮಣ್ಯದ ವರೆಗೆ ಬಸ್ಸುಂಟು ಅಂದ್ರೆ ಬಸ್ಸು ಊರೊಳಗೆಲ್ಲ ತಿರುಗ್ತದಾ? ಮುಟ್ಟಿದಲ್ಲಿಗೆ ಮುಗಿಯಿತು."

"ಅದು ಊರು. ಇದು ದಿನ. ರಜೆ ಇಪ್ಪತ್ತರ ವರೆಗೆ ಅಂದ್ರೆ ಇಪ್ಪತ್ತಕ್ಕೆ ನೀವು ಶಾಲೆಗೆ ಹೋಗ್ತೀರಾ?"

ರಿಝ್ವಾನಾ ಬಾಯಿ ತೆರೆದವರು ಮುಚ್ಚಿದರು. "ಹೋಗುದಿಲ್ಲ" ಎಂದು ಒಪ್ಪಿಕೊಂಡರು. "ಆದ್ರೆ ನನ್ನದೂ ಸರಿಯೇ ಅಲ್ವಾ?"

ಇಬ್ಬರೂ ಸುಪ್ರಿತಾಳ ಕಡೆ ನೋಡಿದರು. ಅವಳಿಗೆ ಇಬ್ಬರೂ ಸರಿ ಎಂದೇ ಕಂಡಿತು. ಇನ್ನು ಪರದೆಯಲ್ಲಿ 'ವರೆಗೆ' ಎಂಬ ಶಬ್ದವನ್ನೇ ಹಾಕುವುದಿಲ್ಲ ಎಂದಳು. ಅದರ ಬದಲು ಒಂದೇ ಪ್ರಶ್ನೆ: ಸಾಮಾನು ಯಾವ ದಿನ ಬಳಗದ ಕೈಗೆ ವಾಪಸು ಬರುತ್ತದೆ? ಆ ದಿನದಿಂದ ಅದು ಬೇರೆಯವರದ್ದು. ಕೂಡಿಸುವ ಲೆಕ್ಕವೇ ಬೇಡ. ತಾನಾಗಿ ಹೋಗುವ ಸಂದೇಶದಲ್ಲೂ ಇನ್ನು ಮೊದಲು ಸಾಮಾನಿನ ಹೆಸರೇ ಬರುತ್ತದೆ.

ಅದು ಸುಲಭದ ಭಾಗ. ಪೂವಮ್ಮ ಕೇಳಿದ ಪ್ರಶ್ನೆಗೆ ಅವಳಿಗೆ ಒಂದು ವಾರ ಬೇಕಾಯಿತು. ಕೊನೆಯ ಜಾಗವನ್ನು ಖಾಲಿ ಬಿಡಬಹುದು ಎಂದು ಮೊದಲು ಮಾಡಿದಳು. ಆದರೆ ಖಾಲಿ ಎಂದರೇನು? ಕಡಬದ ಸೀತು ಎಂಬವರಿಗೆ ಬಳಗದವರು ಒಂದು ವೀಲ್ ಚೆಯರನ್ನು ಅವರಿಗೇ ಇರಲಿ ಎಂದು ಕೊಟ್ಟುಬಿಟ್ಟಿದ್ದರು. ಅದಕ್ಕೆ ಕೊನೆ ಇಲ್ಲ. ಅಚ್ಚುತರ ಮಷಿನಿಗೆ ಕೊನೆ ಇದೆ, ಯಾವಾಗ ಎಂದು ಗೊತ್ತಿಲ್ಲ. ಎರಡನ್ನೂ ಖಾಲಿ ಬಿಟ್ಟರೆ ಎರಡೂ ಒಂದೇ ಆಗುತ್ತವೆ. ಹಾಗಾಗಿ ಅವಧಿಯ ಕೊನೆಗೆ ಮೂರು ಬಗೆ ಮಾಡಿದಳು: ಇಂಥ ದಿನ, ಗೊತ್ತಿಲ್ಲ, ಇಲ್ಲ. ಆಗ ಇನ್ನೊಂದು ತೊಂದರೆ ಎದ್ದಿತು. ಮುಂದಿನ ತಿಂಗಳು ಇದು ಸಿಗುತ್ತದೆಯೇ ಎಂದು ಕೇಳಿದರೆ, ಕೊನೆ ಗೊತ್ತಿಲ್ಲದ ಅವಧಿ ಹೌದು ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಎರಡೇ ಉತ್ತರ ಇದ್ದ ಕಡೆಯೆಲ್ಲ ಮೂರನೆಯದನ್ನು ಸೇರಿಸುತ್ತ ಹೋದಳು: 'ಕೇಳಬೇಕು'. ಹಸಿರು, ಕೆಂಪಿನ ನಡುವೆ ಹಳದಿ ಬಂತು.

ಚೆನ್ನಪ್ಪ ಹಳದಿಯನ್ನು ಅನುಮಾನದಿಂದ ನೋಡಿದರು. "ನಾವು ಕಂಪ್ಯೂಟರಿನಲ್ಲಿ ಕೇಳುದು. ಅದು ಪುನಃ ನೀವೇ ಕೇಳಿ ಅಂತ ಹೇಳ್ತದೆ. ಮತ್ತೆ ಇದು ಎಂತಕ್ಕೆ?"

"ಗೊತ್ತಿಲ್ಲದ್ದನ್ನು ಅದು ಗೊತ್ತುಂಟು ಅಂತ ಹೇಳ್ಬಾರ್ದಲ್ಲ ಚೆನ್ನಪ್ಪಣ್ಣ."

"ಅದು ಹೌದು" ಎಂದರು ಅವರು, ಪೂರ್ತಿ ಒಪ್ಪದೆ.

ಸೀತು ಅವರ ವಿಷಯವೂ ಅವಳು ಎಣಿಸಿದಷ್ಟು ಸ್ಪಷ್ಟವಾಗಿರಲಿಲ್ಲ. 'ಇಲ್ಲ' ಎಂದು ಹಾಕುವ ಮೊದಲು ಅವರಲ್ಲೇ ಒಮ್ಮೆ ಕೇಳಿ ಎಂದು ರಿಝ್ವಾನಾರಿಗೆ ಹೇಳಿದಳು. ಸೀತು ಹೇಳಿದ್ದು: "ಬ್ಯಾಟರಿಯ ಚೆಯರ್ ಬರುವ ವರೆಗೆ ಇದು ಸಾಕು." ರಿಝ್ವಾನಾ ಫೋನಿನಲ್ಲಿ ನಗುತ್ತಿದ್ದರು. ಇದನ್ನು ಮೂರರಲ್ಲಿ ಎಲ್ಲಿ ಹಾಕಬೇಕೆಂದು ಸುಪ್ರಿತಾಳಿಗೆ ಗೊತ್ತಾಗಲಿಲ್ಲ.

ಹಕೀಮನ ತಾಯಿ ಇಪ್ಪತ್ತನಾಲ್ಕು ದಿನಕ್ಕೆ ಚೇತರಿಸಿಕೊಂಡರು. ಮಷಿನನ್ನು ಅವನೇ ಕಡಬಕ್ಕೆ ಒಯ್ದು ರಿಝ್ವಾನಾರ ಅಂಗಡಿಯಲ್ಲಿಟ್ಟು ಬಂದ.

ಮಂಡೆಕೋಲಿನ ಸಾಲು ಹಳದಿಯಾಗಿಯೇ ಉಳಿಯಿತು. ಪ್ರತಿ ಸೋಮವಾರ ಪರದೆಯಲ್ಲಿ 'ಕೇಳಬೇಕು' ಎಂದು ಬರುತ್ತಿತ್ತು, ಚೆನ್ನಪ್ಪ ಫೋನ್ ಮಾಡುತ್ತಿದ್ದರು. ಹೇಗೆ ಕೇಳುವುದು ಎಂಬುದೇ ಅವರಿಗೆ ದೊಡ್ಡ ಸಮಸ್ಯೆ. ಮಷಿನ್ ಇನ್ನೂ ಬೇಕಾ ಎಂದರೆ ಇನ್ನೊಂದೇ ಅರ್ಥ ಬರುತ್ತದೆ. ಮಳೆ ಉಂಟಾ ಎಂದು ಕೇಳುತ್ತಿದ್ದರು, ಹಾಲಿಗೆ ಈಗ ಎಷ್ಟು ಎಂದು ಕೇಳುತ್ತಿದ್ದರು. ಪೂವಮ್ಮ ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ ತಾವಾಗಿಯೇ "ಓಡ್ತಾ ಉಂಟು" ಎನ್ನುತ್ತಿದ್ದರು.

ಡಿಸೆಂಬರಿನ ಒಂದು ಸೋಮವಾರ ಚೆನ್ನಪ್ಪ ನೆಂಟರ ಮದುವೆಗೆ ಹೋಗಿದ್ದರು. ಫೋನ್ ಮಾಡುವ ಕೆಲಸ ಸುಪ್ರಿತಾಳ ಮೇಲೆ ಬಿತ್ತು. ಅಕ್ಟೋಬರಿನ ಆ ದಿನದಿಂದ ಅವಳು ಆ ಮನೆಯವರ ಜೊತೆ ಮಾತಾಡಿರಲಿಲ್ಲ. ನಂಬರ್ ಒತ್ತಿದಳು, ಕಟ್ ಮಾಡಿದಳು, ಮತ್ತೆ ಒತ್ತಿದಳು.

ಎತ್ತಿದ್ದು ಅಚ್ಚುತರೇ. ಹಿಂದಿನಿಂದ ಮಷಿನಿನ ಗುರುಗುಟ್ಟುವಿಕೆ ಕೇಳಿಸುತ್ತಿತ್ತು.

"ನಾನು ಸುಪ್ರಿತಾ, ಅಣ್ಣಾ. ಆ ಕಂಪ್ಯೂಟರಿನ…"

"ಓ, ನೀವಾ! ಒಳ್ಳೇದಾಯ್ತು, ನಿಮ್ಮಲ್ಲೇ ಕೇಳ್ಬೇಕು ಅಂತ ಇದ್ದೆ. ಜೀಪಿನ ಒಂದು ಸ್ಪೇರ್ ಪಾರ್ಟು ಇಲ್ಲಿ ಎಲ್ಲಿಯೂ ಸಿಗುದಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದ್ರೆ ಸಿಗ್ತದೆ ಅಂತ ಮಗಳು ಹೇಳ್ತಾಳೆ. ಒಂದು ನೋಡ್ತೀರಾ? ಬರ್ಕೊಳ್ಳಿ, ಹೇಳ್ತೇನೆ."

ಅವಳು ಬರೆದುಕೊಂಡಳು. ಅಚ್ಚುತ ನಡುನಡುವೆ ಉಸಿರಿಗೆ ನಿಂತು, ಯಾವ ವರ್ಷದ ಜೀಪು, ಎಷ್ಟು ಇಂಚಿನದ್ದು ಎಂದೆಲ್ಲ ಹೇಳಿದರು. ಬೇರೆ ಕಂಪನಿಯದ್ದು ಬೇಡ, ಅದು ಕೂರುವುದಿಲ್ಲ ಎಂದು ಎರಡು ಸಲ ಹೇಳಿದರು. ಪೂವಮ್ಮ ಹಿಂದಿನಿಂದ ಏನೋ ಕೂಗಿದರು. ಮಾತು ಸಾಕು ಎಂದಿರಬೇಕು. ಫೋನ್ ಇಟ್ಟ ಮೇಲೆ ಅವಳಿಗೆ ನೆನಪಾಯಿತು, ಕೇಳಬೇಕಾದದ್ದನ್ನು ತಾನು ಕೇಳಲೇ ಇಲ್ಲ ಎಂದು.

ಪರದೆಯಲ್ಲಿ ಹಳದಿ ಸಾಲು ಕಾಯುತ್ತಿತ್ತು. ಅವಳು 'ಗೊತ್ತಿಲ್ಲ' ಎಂಬುದನ್ನು ಇನ್ನೊಂದು ವಾರಕ್ಕೆ ಒತ್ತಿ, ಜೀಪಿನ ಸ್ಪೇರ್ ಪಾರ್ಟಿನ ಹೆಸರನ್ನು ಹುಡುಕತೊಡಗಿದಳು. ಅದು ಹೇಗಿರುತ್ತದೆ ಎಂದೂ ಅವಳಿಗೆ ಗೊತ್ತಿರಲಿಲ್ಲ.